ಶುಶ್ರೂಷಾ ಶಿಕ್ಷಣದಲ್ಲಿ ಸಿಮ್ಯುಲೇಶನ್

ಶುಶ್ರೂಷಾ ಶಿಕ್ಷಣದಲ್ಲಿ ಸಿಮ್ಯುಲೇಶನ್ ಎಂಬುದು ರೋಗಿಯ ಸ್ಥಿತಿಯನ್ನೂ ಆಸ್ಪತ್ರೆಯ ಪರಿಸರವನ್ನೂ ಕೃತಕವಾಗಿ ಸೃಷ್ಟಿಸಿ, ಅದರೊಳಗೆ ನರ್ಸಿಂಗ್ ವಿದ್ಯಾರ್ಥಿಗಳು ನಿಜವಾದ ಕರ್ತವ್ಯದಲ್ಲಿರುವಂತೆಯೇ ಆರೈಕೆ ನೀಡಿ ಕಲಿಯುವ ಬೋಧನಾ ವಿಧಾನವಾಗಿದೆ. ರೋಗಿಯ ಸ್ಥಾನದಲ್ಲಿ ಮ್ಯಾನಿಕಿನ್ ಎಂದು ಕರೆಯಲಾಗುವ ಬೊಂಬೆ, ರೋಗಿಯ ಪಾತ್ರ ವಹಿಸಲು ತರಬೇತಿ ಪಡೆದ ವ್ಯಕ್ತಿ ಅಥವಾ ಕಂಪ್ಯೂಟರ್ ಪರದೆಯ ಮೇಲಿನ ಕಾಲ್ಪನಿಕ ರೋಗಿ ಇರಬಹುದು. ವಿದ್ಯಾರ್ಥಿಯ ತಪ್ಪಿನಿಂದ ಯಾವ ರೋಗಿಗೂ ಹಾನಿಯಾಗಬಾರದು, ಆದರೆ ವಿದ್ಯಾರ್ಥಿಗೆ ಆ ತಪ್ಪಿನಿಂದ ಕಲಿಯುವ ಅವಕಾಶ ಸಿಗಬೇಕು ಎಂಬುದು ಈ ವಿಧಾನದ ಮೂಲ ಆಶಯ. ಬೊಂಬೆಯ ನೈಜತೆಗಿಂತಲೂ ಸನ್ನಿವೇಶದ ರಚನೆ ಮತ್ತು ಅದರ ನಂತರ ನಡೆಯುವ ಚರ್ಚೆಯೇ ಕಲಿಕೆಗೆ ಮುಖ್ಯವೆಂದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಆಧುನಿಕ ಶುಶ್ರೂಷಾ ಶಿಕ್ಷಣವು ಬಹುಕಾಲ ವಾರ್ಡಿನ ಅನುಭವವನ್ನೇ ಆಧರಿಸಿತ್ತು. ವಿದ್ಯಾರ್ಥಿಯು ಹಿರಿಯ ಶುಶ್ರೂಷಕರ ಜೊತೆಯಲ್ಲಿದ್ದು, ಮೊದಲು ನೋಡಿ, ಆಮೇಲೆ ಮಾಡಿ ಕಲಿಯುವುದು ರೂಢಿ. ಈ ಪದ್ಧತಿಗೆ ಎರಡು ಕೊರತೆಗಳಿವೆ. ಮೊದಲನೆಯದು, ಕಲಿಯುವವರ ಮೊದಲ ಪ್ರಯತ್ನದ ಭಾರವನ್ನು ಒಬ್ಬ ರೋಗಿ ಹೊರಬೇಕಾಗುತ್ತದೆ. ಎರಡನೆಯದು, ವಾರ್ಡಿನಲ್ಲಿ ಏನು ಎದುರಾಗುತ್ತದೆ ಎಂಬುದು ಆಕಸ್ಮಿಕ. ಹೃದಯಸ್ತಂಭನ, ಹೆರಿಗೆಯ ನಂತರದ ತೀವ್ರ ರಕ್ತಸ್ರಾವ ಅಥವಾ ಔಷಧದಿಂದ ಉಂಟಾಗುವ ತೀವ್ರ ಅಲರ್ಜಿಯನ್ನು ಒಬ್ಬ ವಿದ್ಯಾರ್ಥಿ ಪದವಿಯ ಅವಧಿಯಲ್ಲಿ ಒಮ್ಮೆಯೂ ಕಾಣದಿರಬಹುದು. ಕಂಡರೂ ಅಂತಹ ತುರ್ತಿನಲ್ಲಿ ವಿದ್ಯಾರ್ಥಿಯನ್ನು ಪಕ್ಕಕ್ಕೆ ಸರಿಸಿ ಅನುಭವಿಗಳು ಮುಂದೆ ಬರುವುದು ಸಹಜ. ಆದರೆ ಕೆಲಸಕ್ಕೆ ಸೇರಿದ ಕೆಲವೇ ವಾರಗಳಲ್ಲಿ, ರಾತ್ರಿ ಪಾಳಿಯಲ್ಲಿ, ಅದೇ ಸ್ಥಿತಿಯನ್ನು ಮೊದಲು ಗುರುತಿಸಬೇಕಾದವರು ಅವರೇ ಆಗಿರುತ್ತಾರೆ.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಹೊರತಂದ ವರದಿಯು, ಆ ದೇಶದ ಆಸ್ಪತ್ರೆಗಳಲ್ಲಿ ತಡೆಯಬಹುದಾಗಿದ್ದ ವೈದ್ಯಕೀಯ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿದ್ದಾರೆಂದು ಅಂದಾಜಿಸಿತು. ವಿಮಾನ ಚಾಲಕರ ತರಬೇತಿಯಲ್ಲಿ ಬಹಳ ಹಿಂದಿನಿಂದಲೂ ಬಳಕೆಯಲ್ಲಿದ್ದ ಸಿಮ್ಯುಲೇಶನ್ ಆರೋಗ್ಯ ಶಿಕ್ಷಣದಲ್ಲಿ ವೇಗವಾಗಿ ಹರಡಲು ಈ ವರದಿಯ ನಂತರದ ಚರ್ಚೆಯೂ ಒಂದು ಕಾರಣವಾಯಿತು.

ಇತಿಹಾಸ

ಹೆರಿಗೆಯ ತರಬೇತಿಗೆ ಬೊಂಬೆಯನ್ನು ಬಳಸಿದ ಪ್ರಸಿದ್ಧ ನಿದರ್ಶನ 18ನೆಯ ಶತಮಾನದ ಫ್ರಾನ್ಸಿನದು. ಆಂಜೆಲಿಕ್ ಮಾರ್ಗರೀಟ್ ದ್ಯು ಕುದ್ರೇ ಎಂಬ ಸೂಲಗಿತ್ತಿಯು ಬಟ್ಟೆ, ಚರ್ಮ ಮತ್ತು ತುಂಬುವಸ್ತುಗಳಿಂದ ಸ್ತ್ರೀಯ ಸೊಂಟದ ಭಾಗ ಹಾಗೂ ಶಿಶುವಿನ ಮಾದರಿಯನ್ನು ತಯಾರಿಸಿದಳು. ಇದನ್ನು ಆಕೆ ‘ಯಂತ್ರ’ವೆಂದು ಕರೆಯುತ್ತಿದ್ದಳು. 1759ರಲ್ಲಿ ದೊರೆ ಹದಿನೈದನೆಯ ಲೂಯಿಯಿಂದ ಅಧಿಕಾರಪತ್ರ ಪಡೆದ ಆಕೆ ಎರಡು ದಶಕಗಳಿಗೂ ಹೆಚ್ಚು ಕಾಲ ಹಳ್ಳಿಹಳ್ಳಿಯ ಸಾವಿರಾರು ಮಹಿಳೆಯರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಿದಳು. ಓದುಬರಹ ತಿಳಿಯದವರೂ ಕೈಯಿಂದ ಮುಟ್ಟಿ, ಮಗುವಿನ ತಲೆ ಯಾವ ಕಡೆಗಿದೆ ಎಂಬುದನ್ನು ಅರಿತು, ಮತ್ತೆ ಮತ್ತೆ ಅಭ್ಯಾಸ ಮಾಡಲು ಈ ಸಾಧನ ನೆರವಾಯಿತು. ಉಳಿದಿರುವ ಒಂದು ಮಾದರಿಯು ರುಆಂ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಶುಶ್ರೂಷಾ ಶಾಲೆಗಾಗಿಯೇ ರೂಪಿಸಲಾದ ಆಳೆತ್ತರದ ಬೊಂಬೆ 1911ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಆಸ್ಪತ್ರೆಯ ತರಬೇತಿ ಶಾಲೆಗೆ ಬಂದಿತು. ಶಾಲೆಯ ಮುಖ್ಯಸ್ಥೆಯಾಗಿದ್ದ ಲಾಡರ್ ಸದರ್‌ಲ್ಯಾಂಡ್ ಅವರ ಕೋರಿಕೆಯಂತೆ, ರೋಡ್ ಐಲೆಂಡ್‌ನ ಬೊಂಬೆ ತಯಾರಕಿ ಮಾರ್ಥಾ ಜೆಂಕ್ಸ್ ಚೇಸ್ ಅದನ್ನು ತಯಾರಿಸಿದರು. ಕೈಕಾಲುಗಳ ಕೀಲುಗಳು ಮಡಿಯುತ್ತಿದ್ದ ಈ ಬೊಂಬೆ ‘ಮಿಸೆಸ್ ಚೇಸ್’ ಎಂದೇ ಹೆಸರಾಯಿತು. ಹೊರಳಿಸುವುದು, ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು ಮೊದಲಾದ ಆರೈಕೆಯನ್ನು ವಿದ್ಯಾರ್ಥಿನಿಯರು ಅದರ ಮೇಲೆ ಕಲಿತರು. 1914ರ ಸುಧಾರಿತ ಮಾದರಿಯಲ್ಲಿ ಚುಚ್ಚುಮದ್ದಿಗೆ ತೋಳಿನಲ್ಲಿ ಸ್ಥಳವೂ ದೇಹದೊಳಗೆ ದ್ರವ ಸಂಗ್ರಹಿಸುವ ಕೋಶವೂ ಇದ್ದವು. ದಶಕಗಳ ಕಾಲ ಅನೇಕ ಶುಶ್ರೂಷಾ ಶಾಲೆಗಳಲ್ಲಿ ಈ ಬೊಂಬೆ ಬಳಕೆಯಲ್ಲಿತ್ತು.

1960ರಲ್ಲಿ ನಾರ್ವೆಯ ಸ್ತಾವಂಗರ್ ನಗರದ ಆಟಿಕೆ ತಯಾರಕ ಓಸ್ಮುಂಡ್ ಲೇರ್ಡಾಲ್ ಅವರು ‘ರೆಸಸಿ ಆನ್’ ಎಂಬ ಮ್ಯಾನಿಕಿನ್ ಅನ್ನು ಪರಿಚಯಿಸಿದರು. ಬಾಯಿಯಿಂದ ಬಾಯಿಗೆ ಉಸಿರು ನೀಡುವ ವಿಧಾನವನ್ನು ಪ್ರಚಾರಕ್ಕೆ ತಂದ ವೈದ್ಯರಾದ ಪೀಟರ್ ಸಫರ್ ಮತ್ತು ಬ್ಯೋರ್ನ್ ಲಿಂಡ್ ಅವರ ಸಲಹೆ ಇದಕ್ಕೆ ಇತ್ತು. ಪ್ಯಾರಿಸ್ಸಿನ ಸೇನ್ ನದಿಯಲ್ಲಿ ದೊರೆತಳೆಂದು ಹೇಳಲಾಗುವ ಅಜ್ಞಾತ ಯುವತಿಯ ಮುಖದ ಅಚ್ಚನ್ನು ಈ ಬೊಂಬೆಯ ಮುಖಕ್ಕೆ ಬಳಸಲಾಯಿತು.

ಅದೇ ದಶಕದಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎರಡು ಬೆಳವಣಿಗೆಗಳಾದವು. 1963ರಲ್ಲಿ ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ ಅವರು ಆರೋಗ್ಯವಂತ ವ್ಯಕ್ತಿಗೆ ರೋಗಿಯ ಪಾತ್ರವನ್ನು ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸುವ ವಿಧಾನವನ್ನು ಆರಂಭಿಸಿದರು. ಇದೇ ಮುಂದೆ ‘ಪ್ರಮಾಣೀಕೃತ ರೋಗಿ’ ಪದ್ಧತಿಯಾಯಿತು. ದಶಕದ ಕೊನೆಯ ಭಾಗದಲ್ಲಿ ಸ್ಟೀಫನ್ ಏಬ್ರಹಾಂಸನ್ ಮತ್ತು ಜಡ್ಸನ್ ಡೆನ್ಸನ್ ಅವರು ಅರಿವಳಿಕೆ ತರಬೇತಿಗಾಗಿ ‘ಸಿಮ್ ಒನ್’ ಎಂಬ ಕಂಪ್ಯೂಟರ್ ನಿಯಂತ್ರಿತ ಮ್ಯಾನಿಕಿನ್ ಅನ್ನು ರೂಪಿಸಿದರು. ಅದು ಉಸಿರಾಡುತ್ತಿತ್ತು, ಕಣ್ಣು ಮಿಟುಕಿಸುತ್ತಿತ್ತು. ದುಬಾರಿಯಾದ್ದರಿಂದ ಅದು ವ್ಯಾಪಕ ಬಳಕೆಗೆ ಬರಲಿಲ್ಲ. 1980ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಡೇವಿಡ್ ಗಾಬಾ ಅವರ ತಂಡವು ಇಡೀ ಶಸ್ತ್ರಚಿಕಿತ್ಸಾ ಕೊಠಡಿಯ ಪರಿಸರವನ್ನೇ ಮರುಸೃಷ್ಟಿಸಿ, ತಂಡದ ನಡವಳಿಕೆಯನ್ನು ಕಲಿಸುವ ಕ್ರಮವನ್ನು ಬೆಳೆಸಿತು. 2000ದ ನಂತರ ಹೋಲಿಕೆಯಲ್ಲಿ ಅಗ್ಗವಾದ, ಸಾಗಿಸಬಹುದಾದ ಮ್ಯಾನಿಕಿನ್‌ಗಳು ಬಂದು ನರ್ಸಿಂಗ್ ಕಾಲೇಜುಗಳನ್ನು ತಲುಪಿದವು. 2020ರಲ್ಲಿ ಕೋವಿಡ್-19ರಿಂದಾಗಿ ವಿದ್ಯಾರ್ಥಿಗಳಿಗೆ ವಾರ್ಡ್ ಪ್ರವೇಶ ನಿಂತಾಗ ಪರದೆ ಆಧಾರಿತ ಸಿಮ್ಯುಲೇಶನ್‌ನ ಬಳಕೆ ಹೆಚ್ಚಿತು.

ವಿಧಗಳು

• ಕೌಶಲ ಮಾದರಿಗಳು: ದೇಹದ ಒಂದು ಭಾಗವನ್ನು ಮಾತ್ರ ಹೋಲುವ ಸಾಧನಗಳು. ಕ್ಯಾನುಲಾ ಹಾಕಲು ರಬ್ಬರ್ ತೋಳು, ಚುಚ್ಚುಮದ್ದಿನ ದಿಂಬು, ಮೂತ್ರನಾಳಕ್ಕೆ ಕ್ಯಾಥೆಟರ್ ಹಾಕುವ ಮಾದರಿ ಇತ್ಯಾದಿ. ಇವು ಕೈಚಳಕಕ್ಕೆ ಉಪಯುಕ್ತ.
• ಪೂರ್ಣದೇಹದ ಮ್ಯಾನಿಕಿನ್: ನಾಡಿಬಡಿತ, ಉಸಿರಾಟ, ಹೃದಯ ಮತ್ತು ಶ್ವಾಸಕೋಶದ ಸದ್ದು ಮೊದಲಾದವನ್ನು ತೋರಿಸಬಲ್ಲದು. ಪಕ್ಕದ ಕೊಠಡಿಯಲ್ಲಿರುವ ನಿರ್ವಾಹಕರು ವಿದ್ಯಾರ್ಥಿಯ ಕ್ರಮಕ್ಕೆ ತಕ್ಕಂತೆ ಈ ಲಕ್ಷಣಗಳನ್ನು ಬದಲಿಸುತ್ತಾರೆ, ಧ್ವನಿವರ್ಧಕದ ಮೂಲಕ ರೋಗಿಯಾಗಿ ಮಾತನಾಡುತ್ತಾರೆ.
• ಪ್ರಮಾಣೀಕೃತ ರೋಗಿ: ನಿಗದಿತ ರೋಗಚರಿತ್ರೆ ಮತ್ತು ನಡವಳಿಕೆಯನ್ನು ಪ್ರತಿ ಬಾರಿಯೂ ಒಂದೇ ರೀತಿಯಲ್ಲಿ ಪ್ರದರ್ಶಿಸಲು ತರಬೇತಿ ಪಡೆದ ವ್ಯಕ್ತಿ. ಸಂವಹನ, ಮಾನಸಿಕ ಆರೋಗ್ಯ ಮತ್ತು ಕಹಿಸುದ್ದಿ ತಿಳಿಸುವ ಸನ್ನಿವೇಶಗಳಲ್ಲಿ ಇದರ ಬಳಕೆ ಹೆಚ್ಚು.
• ಮಿಶ್ರ ವಿಧಾನ: ವ್ಯಕ್ತಿ ಮತ್ತು ಮಾದರಿ ಎರಡೂ ಸೇರಿರುವಂಥದು. ವ್ಯಕ್ತಿಯ ತೋಳಿಗೆ ಕೃತಕ ಚರ್ಮದ ಪಟ್ಟಿ ಕಟ್ಟಿ, ಮಾತನಾಡಿಸುತ್ತಲೇ ಗಾಯಕ್ಕೆ ಹೊಲಿಗೆ ಅಥವಾ ಪಟ್ಟಿ ಹಾಕುವುದು ಒಂದು ಉದಾಹರಣೆ.
• ಪರದೆ ಆಧಾರಿತ ಹಾಗೂ ವರ್ಚುವಲ್ ರಿಯಾಲಿಟಿ ಸಿಮ್ಯುಲೇಶನ್: ರೋಗಿಯ ಸ್ಥಿತಿಯನ್ನು ಅರಿತು ನಿರ್ಧಾರ ಕೈಗೊಳ್ಳುವುದನ್ನು ಅಭ್ಯಾಸ ಮಾಡಿಸುತ್ತದೆ. ಸ್ಪರ್ಶದ ಅನುಭವ ಇಲ್ಲಿ ಸೀಮಿತ.
• ಸ್ಥಳದಲ್ಲೇ ನಡೆಸುವ ಸಿಮ್ಯುಲೇಶನ್: ಪ್ರಯೋಗಾಲಯದ ಬದಲು ನಿಜವಾದ ವಾರ್ಡಿನಲ್ಲಿ ನಡೆಯುತ್ತದೆ. ತುರ್ತು ಔಷಧಗಳ ಟ್ರಾಲಿ ದೂರದಲ್ಲಿದೆ, ಆಮ್ಲಜನಕದ ಕೊಳವೆ ಹೊಂದುವುದಿಲ್ಲ ಎಂಬಂತಹ ವ್ಯವಸ್ಥೆಯ ದೋಷಗಳೂ ಇದರಿಂದ ಬೆಳಕಿಗೆ ಬರುತ್ತವೆ.

ನೈಜತೆ

ಸಿಮ್ಯುಲೇಶನ್ ಎಷ್ಟರ ಮಟ್ಟಿಗೆ ವಾಸ್ತವವನ್ನು ಹೋಲುತ್ತದೆ ಎಂಬುದನ್ನು ಮೂರು ನೆಲೆಗಳಲ್ಲಿ ನೋಡಲಾಗುತ್ತದೆ. ಉಪಕರಣ, ಹಾಸಿಗೆ, ಸದ್ದು, ಬಣ್ಣಗಳಿಂದ ರೂಪಿಸಿದ ಕೃತಕ ಗಾಯ ಇವು ಭೌತಿಕ ನೈಜತೆಗೆ ಸೇರಿವೆ. ರೋಗಲಕ್ಷಣ, ಪ್ರಯೋಗಾಲಯದ ವರದಿ ಮತ್ತು ಔಷಧದ ಪರಿಣಾಮಗಳು ಒಂದಕ್ಕೊಂದು ಹೊಂದಿಕೆಯಾಗುವುದು ಪರಿಕಲ್ಪನಾತ್ಮಕ ನೈಜತೆ. ಸಮಯದ ಒತ್ತಡ, ಗಾಬರಿಯಾದ ಸಂಬಂಧಿಕರ ಪ್ರಶ್ನೆ, ಕರೆ ಸ್ವೀಕರಿಸದ ವೈದ್ಯರು ಮೊದಲಾದವುಗಳಿಂದ ವಿದ್ಯಾರ್ಥಿಯಲ್ಲಿ ನಿಜವಾದ ಭಾವನೆ ಹುಟ್ಟುವುದು ಮಾನಸಿಕ ನೈಜತೆ.

ದುಬಾರಿ ಮ್ಯಾನಿಕಿನ್ ಇದ್ದಮಾತ್ರಕ್ಕೆ ಈ ಮೂರೂ ಒದಗುವುದಿಲ್ಲ. ಮ್ಯಾನಿಕಿನ್‌ನ ರಕ್ತದೊತ್ತಡ ಕುಸಿದಾಗಲೂ ನಾಡಿಬಡಿತ ಮೊದಲಿನಂತೆಯೇ ಇದ್ದರೆ ವಿದ್ಯಾರ್ಥಿಯು ತಪ್ಪು ಪಾಠ ಕಲಿಯುತ್ತಾನೆ. ಹಾಗೆಯೇ ಕೈ ತೊಳೆಯುವುದು, ರೋಗಿಯ ಗುರುತು ಪಟ್ಟಿಯನ್ನು ಪರಿಶೀಲಿಸುವುದು ಇಂತಹ ಹಂತಗಳನ್ನು ‘ಮಾಡಿದೆ ಎಂದುಕೊಳ್ಳಿ’ ಎಂದು ಬಿಟ್ಟುಬಿಟ್ಟರೆ, ಬಿಡುವ ಅಭ್ಯಾಸವೇ ವಾರ್ಡಿಗೂ ಬರುವ ಅಪಾಯವಿದೆ. ಆದ್ದರಿಂದ ಯಾವ ಉದ್ದೇಶಕ್ಕೆ ಎಷ್ಟು ನೈಜತೆ ಬೇಕೋ ಅಷ್ಟನ್ನು ಆರಿಸಿಕೊಳ್ಳುವುದು ರೂಢಿಯಲ್ಲಿರುವ ನಿಯಮ.

ಕಾರ್ಯವಿಧಾನ

ಒಂದು ಸಿಮ್ಯುಲೇಶನ್ ತರಗತಿಯು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ನಡೆಯುತ್ತದೆ.

ಪ್ರೀಬ್ರೀಫಿಂಗ್ ಎಂಬ ಮೊದಲ ಹಂತದಲ್ಲಿ ಕಲಿಕೆಯ ಉದ್ದೇಶ, ರೋಗಿಯ ಹಿನ್ನೆಲೆ, ಕೊಠಡಿಯ ಉಪಕರಣಗಳು ಮತ್ತು ಮ್ಯಾನಿಕಿನ್ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿಸಲಾಗುತ್ತದೆ. ಬೊಂಬೆಯನ್ನು ರೋಗಿಯೆಂದೇ ಭಾವಿಸಿ ನಡೆದುಕೊಳ್ಳಲು ವಿದ್ಯಾರ್ಥಿಗಳು ಒಪ್ಪುತ್ತಾರೆ. ಸನ್ನಿವೇಶವನ್ನು ಆದಷ್ಟು ನಂಬುವಂತೆ ರೂಪಿಸುವ ಹೊಣೆಯನ್ನು ಬೋಧಕರು ಹೊರುತ್ತಾರೆ. ಇಲ್ಲಿ ಆಗುವ ತಪ್ಪುಗಳನ್ನು ಹೊರಗೆ ಚರ್ಚಿಸುವಂತಿಲ್ಲ, ದೃಶ್ಯಮುದ್ರಿಕೆಯನ್ನು ಬೇರೆಯವರಿಗೆ ತೋರಿಸುವಂತಿಲ್ಲ ಎಂಬುದನ್ನೂ ಸ್ಪಷ್ಟಪಡಿಸಲಾಗುತ್ತದೆ.

ಎರಡನೆಯದು ಸನ್ನಿವೇಶ. ಇದು ಸಾಮಾನ್ಯವಾಗಿ 10ರಿಂದ 20 ನಿಮಿಷಗಳದ್ದಾಗಿರುತ್ತದೆ. ವಿದ್ಯಾರ್ಥಿಗಳು ಮುಖ್ಯ ಶುಶ್ರೂಷಕ, ಸಹಾಯಕ, ದಾಖಲೆ ಬರೆಯುವವರು ಮುಂತಾದ ಪಾತ್ರಗಳನ್ನು ಹಂಚಿಕೊಳ್ಳುತ್ತಾರೆ. ಉಳಿದವರು ವೀಕ್ಷಕರಾಗಿರುತ್ತಾರೆ. ಬೋಧಕರು ಸಾಧ್ಯವಾದಷ್ಟು ಮಧ್ಯೆ ಪ್ರವೇಶಿಸುವುದಿಲ್ಲ.

ಮೂರನೆಯದಾದ ಡಿಬ್ರೀಫಿಂಗ್ ಅಥವಾ ಅವಲೋಕನ ಚರ್ಚೆಯು ಈ ವಿಧಾನದ ತಿರುಳು. ಇದಕ್ಕೆ ಸನ್ನಿವೇಶದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಸಮಯ ಮೀಸಲಿಡಲಾಗುತ್ತದೆ. ಮೊದಲು ವಿದ್ಯಾರ್ಥಿಗಳ ಉದ್ವೇಗ ಇಳಿಯಲು ಅವಕಾಶ ನೀಡಿ, ಬಳಿಕ ಏನು ನಡೆಯಿತು, ಏಕೆ ಹಾಗೆ ಮಾಡಲಾಯಿತು, ಮುಂದೆ ಹೇಗೆ ಮಾಡಬಹುದು ಎಂಬ ಕ್ರಮದಲ್ಲಿ ಮಾತು ಸಾಗುತ್ತದೆ. ತಪ್ಪನ್ನು ಎತ್ತಿ ತೋರಿಸುವುದಕ್ಕಿಂತ ಆ ತಪ್ಪಿನ ಹಿಂದಿದ್ದ ಆಲೋಚನೆಯನ್ನು ಹೊರತರುವುದು ಬೋಧಕರ ಕೆಲಸ. ಡೇವಿಡ್ ಕೋಲ್ಬ್ ಅವರ ಅನುಭವಾಧಾರಿತ ಕಲಿಕೆಯ ಸಿದ್ಧಾಂತ ಮತ್ತು ಡೊನಾಲ್ಡ್ ಶೋನ್ ಅವರ ವೃತ್ತಿಯಲ್ಲಿನ ಆತ್ಮಾವಲೋಕನದ ವಿಚಾರಗಳು ಈ ಹಂತಕ್ಕೆ ತಾತ್ವಿಕ ಆಧಾರ ಒದಗಿಸಿವೆ.

ಒಂದು ಮಾದರಿ ಸನ್ನಿವೇಶ

ಹೆರಿಗೆಯ ನಂತರದ ರಕ್ತಸ್ರಾವದ ಸನ್ನಿವೇಶವು ಮೇಲಿನ ಹಂತಗಳನ್ನು ಸ್ಪಷ್ಟಪಡಿಸುತ್ತದೆ. ಇದಕ್ಕೆ ‘ಮಾಮಾ ನ್ಯಾಟಲಿ’ ಎಂಬ ಸಾಧನವನ್ನು ಬಳಸಬಹುದು. ಬೋಧಕರು ಅದನ್ನು ತಮ್ಮ ಹೊಟ್ಟೆಯ ಮೇಲೆ ಕಟ್ಟಿಕೊಂಡು ತಾಯಿಯ ಪಾತ್ರ ವಹಿಸುತ್ತಾರೆ. ಕೃತಕ ರಕ್ತದ ಹರಿವನ್ನೂ ಗರ್ಭಕೋಶದ ಬಿಗಿತವನ್ನೂ ಮರೆಯಲ್ಲಿ ತಾವೇ ನಿಯಂತ್ರಿಸುತ್ತಾರೆ. ವಿದ್ಯುತ್ತಾಗಲೀ ಕಂಪ್ಯೂಟರಾಗಲೀ ಇದಕ್ಕೆ ಬೇಕಿಲ್ಲ.

ಮಗು ಹುಟ್ಟಿ ಮಾಸು ಹೊರಬಂದಿದೆ. ತಾಯಿ ‘ತಲೆ ಸುತ್ತುತ್ತಿದೆ’ ಎನ್ನುತ್ತಾಳೆ. ನಾಡಿಬಡಿತ ನಿಮಿಷಕ್ಕೆ 118, ರಕ್ತದೊತ್ತಡ 110/70. ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ಮೆತ್ತಗಿದೆ, ಹಾಸಿಗೆಯ ಬಟ್ಟೆ ರಕ್ತದಿಂದ ತೊಯ್ದಿದೆ. ವಿದ್ಯಾರ್ಥಿಯು ಸಹಾಯಕ್ಕೆ ಕೂಗಬೇಕು, ಗರ್ಭಕೋಶವನ್ನು ತಿಕ್ಕಬೇಕು, ನಿರ್ದೇಶನದಂತೆ ಆಕ್ಸಿಟೋಸಿನ್ ನೀಡಬೇಕು, ಡ್ರಿಪ್ ಆರಂಭಿಸಬೇಕು, ಮೂತ್ರಕೋಶ ಖಾಲಿಯಿದೆಯೇ ಎಂದು ನೋಡಬೇಕು ಮತ್ತು ಹೋದ ರಕ್ತವನ್ನು ಅಳೆಯಬೇಕು. ವೈದ್ಯರಿಗೆ ಕರೆ ಮಾಡಿದಾಗ ಈಗಿನ ಸ್ಥಿತಿ, ಹಿನ್ನೆಲೆ, ತಮ್ಮ ಅಂದಾಜು, ತಮಗೆ ಬೇಕಾದ ಕ್ರಮ ಈ ನಾಲ್ಕನ್ನು ಅದೇ ಅನುಕ್ರಮದಲ್ಲಿ ಹೇಳಬೇಕು. ಔಷಧದ ಹೆಸರು ಮತ್ತು ಪ್ರಮಾಣವನ್ನು ಕೇಳಿಸಿಕೊಂಡವರು ಪುನರುಚ್ಚರಿಸಬೇಕು. ಸರಿಯಾದ ಕ್ರಮಗಳಾದರೆ ಗರ್ಭಕೋಶ ಗಟ್ಟಿಯಾಗುತ್ತದೆ, ತಡವಾದರೆ ರಕ್ತಸ್ರಾವ ಮುಂದುವರಿಯುತ್ತದೆ.

ಇಲ್ಲಿ ವಿದ್ಯಾರ್ಥಿಯು ರಕ್ತದೊತ್ತಡ ಸರಿಯಾಗಿದೆಯೆಂದು ಕಾಯ್ದುಬಿಡುವ ಸಾಧ್ಯತೆಯಿದೆ. ಆರೋಗ್ಯವಂತ ಯುವತಿಯರಲ್ಲಿ ಗಣನೀಯ ಪ್ರಮಾಣದ ರಕ್ತ ಹೋಗುವವರೆಗೂ ರಕ್ತದೊತ್ತಡ ಕುಸಿಯದೆ, ನಾಡಿಬಡಿತ ಮಾತ್ರ ಏರಬಹುದು. ‘ಆ ಎರಡು ನಿಮಿಷ ನೀವು ಏನನ್ನು ನೋಡುತ್ತಿದ್ದಿರಿ?’ ಎಂಬ ಬೋಧಕರ ಪ್ರಶ್ನೆಗೆ ‘ಬಿ.ಪಿ. ಸರಿಯಿತ್ತು, ಅದಕ್ಕೆ ಕಾದೆ’ ಎಂಬ ಉತ್ತರ ಬಂದರೆ, ಚರ್ಚೆಯು ವಿದ್ಯಾರ್ಥಿಯ ನಿಧಾನಗತಿಯ ಕುರಿತಾಗದೆ ರಕ್ತನಷ್ಟಕ್ಕೆ ದೇಹವು ಸ್ಪಂದಿಸುವ ರೀತಿಯ ಕುರಿತಾಗುತ್ತದೆ. ಮುಂದೆ ನಿಜವಾದ ತಾಯಿಯ ಬಳಿ ನೆರವಿಗೆ ಬರುವುದು ಈ ತಿಳಿವಳಿಕೆಯೇ.

ಪರಿಣಾಮದ ಅಧ್ಯಯನಗಳು

ತರಬೇತಿಯ ಫಲವನ್ನು ಕಲಿಯುವವರ ಅಭಿಪ್ರಾಯ, ಕಲಿತ ವಿಷಯ, ಕೆಲಸದಲ್ಲಿನ ನಡವಳಿಕೆ ಮತ್ತು ಅಂತಿಮ ಫಲಿತಾಂಶ ಎಂಬ ನಾಲ್ಕು ಮಟ್ಟಗಳಲ್ಲಿ ಅಳೆಯುವ ಕ್ರಮವನ್ನು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ರೂಪಿಸಿದರು. ಸಿಮ್ಯುಲೇಶನ್ ಕುರಿತ ಅಧ್ಯಯನಗಳಲ್ಲಿ ಮೊದಲ ಎರಡು ಮಟ್ಟಗಳವೇ ಹೆಚ್ಚು. ರೋಗಿಗಳಿಗಾದ ಪ್ರಯೋಜನವನ್ನು ಅಳೆಯುವುದು ಕಠಿಣ.

ವಾರ್ಡಿನ ಅವಧಿಗೆ ಸಿಮ್ಯುಲೇಶನ್ ಬದಲಿಯಾಗಬಲ್ಲದೇ ಎಂಬ ಪ್ರಶ್ನೆಯನ್ನು ಅಮೆರಿಕದ ರಾಜ್ಯ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಪರಿಷತ್ತು ಕೈಗೆತ್ತಿಕೊಂಡಿತು. 2011ರಲ್ಲಿ ಆರಂಭವಾಗಿ 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 10 ನರ್ಸಿಂಗ್ ಶಾಲೆಗಳ ವಿದ್ಯಾರ್ಥಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಎಂದಿನ ಕ್ಲಿನಿಕಲ್ ತರಬೇತಿ, ಉಳಿದೆರಡಕ್ಕೆ ಕ್ಲಿನಿಕಲ್ ಗಂಟೆಗಳ ಶೇಕಡಾ 25 ಮತ್ತು 50ರಷ್ಟು ಸಿಮ್ಯುಲೇಶನ್ ನೀಡಲಾಯಿತು. ಕೊನೆಯವರೆಗೂ ಉಳಿದ 666 ವಿದ್ಯಾರ್ಥಿಗಳಲ್ಲಿ ಜ್ಞಾನ, ಕ್ಲಿನಿಕಲ್ ಸಾಮರ್ಥ್ಯ ಮತ್ತು ಪರವಾನಗಿ ಪರೀಕ್ಷೆಯ ಉತ್ತೀರ್ಣತೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳಲ್ಲಿಯೂ ಅವರನ್ನು ಗಮನಿಸಲಾಯಿತು. ಆದರೆ ಆ ಶಾಲೆಗಳ ಬೋಧಕರು ವಿಶೇಷ ತರಬೇತಿ ಪಡೆದಿದ್ದರು ಮತ್ತು ನಿಗದಿತ ಕ್ರಮದ ಡಿಬ್ರೀಫಿಂಗ್ ನಡೆಸುತ್ತಿದ್ದರು. ಈ ಷರತ್ತುಗಳಿಲ್ಲದ ಕಡೆ ಅದೇ ಫಲಿತಾಂಶವನ್ನು ನಿರೀಕ್ಷಿಸುವಂತಿಲ್ಲ. ಬ್ರಿಟನ್ನಿನಲ್ಲಿ ನೋಂದಣಿಗೆ ಮುನ್ನ ಬೇಕಾದ 2,300 ಗಂಟೆಗಳ ವೃತ್ತಿ ತರಬೇತಿಯಲ್ಲಿ 600 ಗಂಟೆಗಳವರೆಗೆ ಸಿಮ್ಯುಲೇಶನ್‌ಗೆ ಅವಕಾಶ ಕಲ್ಪಿಸಲಾಗಿದೆ.

ರೋಗಿಗಳ ಮೇಲಿನ ಪರಿಣಾಮವನ್ನು ನೇರವಾಗಿ ಅಳೆಯಲು ಯತ್ನಿಸಿದ ಒಂದು ಅಧ್ಯಯನ ಕರ್ನಾಟಕದಲ್ಲಿ ನಡೆದಿದೆ. ಹುಟ್ಟಿದಾಗ ಉಸಿರಾಡದ ಶಿಶುವಿಗೆ ಮೊದಲ ಒಂದು ನಿಮಿಷದೊಳಗೆ ಉಸಿರು ನೀಡುವುದನ್ನು ‘ನಿಯೋ ನ್ಯಾಟಲಿ’ ಎಂಬ ಸರಳ ಬೊಂಬೆಯ ಮೂಲಕ ಕಲಿಸುವ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಕಾರ್ಯಕ್ರಮವು 2010ರಲ್ಲಿ ಆರಂಭವಾಯಿತು. ಬೆಳಗಾವಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಮತ್ತು ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ 599 ಮಂದಿಗೆ ಈ ತರಬೇತಿ ನೀಡಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸತ್ತು ಹುಟ್ಟಿದವೆಂದು ದಾಖಲಾದ ಶಿಶುಗಳ ಪ್ರಮಾಣ ಶೇಕಡಾ 3.0ರಿಂದ 2.3ಕ್ಕೆ ಇಳಿಯಿತು. ಆದರೆ 28 ದಿನಗಳೊಳಗಿನ ಶಿಶುಮರಣ ಇಳಿಯಲಿಲ್ಲ. ಜೀವವಿದ್ದೂ ಉಸಿರಾಡದ ಶಿಶುವನ್ನು ಸತ್ತು ಹುಟ್ಟಿದ್ದೆಂದು ಕೈಬಿಡುವ ಸಂದರ್ಭಗಳು ಇಂತಹ ತರಬೇತಿಯಿಂದ ಕಡಿಮೆಯಾಗಬಲ್ಲವು. ಮುಂದೆ ಬೆಳಗಾವಿ, ನಾಗಪುರ ಮತ್ತು ಕೀನ್ಯಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ವಿಸ್ತೃತ ಅಧ್ಯಯನದಲ್ಲಿ ಎಲ್ಲೆಡೆ ಒಂದೇ ತೆರನಾದ ಇಳಿಕೆ ಕಂಡುಬರಲಿಲ್ಲ. ಬೊಂಬೆಯ ಮೇಲೆ ಕಲಿತದ್ದು ಉಳಿಯಲು ಮತ್ತೆ ಮತ್ತೆ ಅಭ್ಯಾಸ ಮತ್ತು ಗುಣಮಟ್ಟದ ಮೇಲ್ವಿಚಾರಣೆ ಅಗತ್ಯವೆಂಬುದನ್ನು ಇಂತಹ ಅನುಭವಗಳು ಸೂಚಿಸುತ್ತವೆ.

ಭಾರತದಲ್ಲಿ

ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿ, 2021ರ ಜುಲೈನಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವು ಸೆಮಿಸ್ಟರ್ ಪದ್ಧತಿಯನ್ನೂ ಸಾಮರ್ಥ್ಯಾಧಾರಿತ ಕಲಿಕೆಯನ್ನೂ ಅಳವಡಿಸಿಕೊಂಡಿತು. ಅದರಲ್ಲಿ ಕೌಶಲ ಪ್ರಯೋಗಾಲಯ ಹಾಗೂ ಸಿಮ್ಯುಲೇಶನ್‌ಗೆ ಸ್ಥಾನ ನೀಡಲಾಗಿದೆ. ಬೋಧಕರ ತರಬೇತಿಗಾಗಿ ಹರಿಯಾಣದ ಗುರುಗ್ರಾಮದಲ್ಲಿ ರಾಷ್ಟ್ರೀಯ ರೆಫರೆನ್ಸ್ ಸಿಮ್ಯುಲೇಶನ್ ಕೇಂದ್ರವಿದೆ. ಸೇವೆಯಲ್ಲಿರುವ ಶುಶ್ರೂಷಕರು ಮತ್ತು ಸಹಾಯಕ ಶುಶ್ರೂಷಕಿಯರಿಗಾಗಿ ಕೇಂದ್ರ ಆರೋಗ್ಯ ಸಚಿವಾಲಯವು ‘ದಕ್ಷ’ ಕೌಶಲ ಪ್ರಯೋಗಾಲಯಗಳನ್ನು ಸ್ಥಾಪಿಸಿದೆ.

ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳ, ಈಶಾನ್ಯ ರಾಜ್ಯಗಳು ಮೊದಲಾದ ಕಡೆಗಳಿಂದ ಬಂದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರಿಗೆ ರೋಗಿಗಳ ಭಾಷೆಯೇ ಒಂದು ಸವಾಲು. ‘ಎದೆ ಉರಿ’ ಎಂಬ ಮಾತು ಆಮ್ಲೀಯತೆಯನ್ನೂ ಸೂಚಿಸಬಹುದು, ಹೃದಯಾಘಾತವನ್ನೂ ಸೂಚಿಸಬಹುದು. ‘ಸುಸ್ತು’, ‘ಸಂಕಟ’, ‘ಹೊಟ್ಟೆ ತೊಳಸು’ ಮುಂತಾದ ಮಾತುಗಳ ಅರ್ಥವನ್ನು ಮರುಪ್ರಶ್ನೆ ಕೇಳಿಯೇ ಖಚಿತಪಡಿಸಿಕೊಳ್ಳಬೇಕು. ಕನ್ನಡ ಮಾತನಾಡುವ ಪ್ರಮಾಣೀಕೃತ ರೋಗಿಗಳನ್ನು ಬಳಸಿ ಇಂತಹ ಸಂವಹನವನ್ನು ವಾರ್ಡಿಗೆ ಹೋಗುವ ಮೊದಲೇ ಅಭ್ಯಾಸ ಮಾಡಿಸಬಹುದು. ಇದಕ್ಕೆ ದುಬಾರಿ ಉಪಕರಣ ಬೇಕಾಗುವುದಿಲ್ಲ.

ಮಿತಿಗಳು ಮತ್ತು ಚರ್ಚೆಗಳು

ಸಿಮ್ಯುಲೇಶನ್‌ಗೆ ಉಪಕರಣ, ನಿರ್ವಹಣೆ, ಸ್ಥಳ ಮತ್ತು ತರಬೇತಿ ಪಡೆದ ಬೋಧಕರು ಬೇಕು. ಒಮ್ಮೆಗೆ ಕೆಲವೇ ವಿದ್ಯಾರ್ಥಿಗಳು ಭಾಗವಹಿಸಬಹುದಾದ್ದರಿಂದ ದೊಡ್ಡ ತರಗತಿಗಳಲ್ಲಿ ಅಳವಡಿಸುವುದು ಕಷ್ಟ. ಮ್ಯಾನಿಕಿನ್ ಖರೀದಿಸಿಯೂ ಅದನ್ನು ನಡೆಸಬಲ್ಲ ಸಿಬ್ಬಂದಿಯಿಲ್ಲದಿದ್ದರೆ ಅದು ಬೀರುವಿನಲ್ಲೇ ಉಳಿಯುತ್ತದೆ. ಒಬ್ಬನೇ ರೋಗಿಯ ಸನ್ನಿವೇಶದಲ್ಲಿ ಕಲಿತವರಿಗೆ, ವಾರ್ಡಿನಲ್ಲಿ ಏಕಕಾಲಕ್ಕೆ ಹಲವು ರೋಗಿಗಳ ನಡುವೆ ಆದ್ಯತೆ ನಿರ್ಧರಿಸುವ ಅಭ್ಯಾಸ ತಾನಾಗಿ ಬರುವುದಿಲ್ಲ.

ಮೌಲ್ಯಮಾಪನದ ಪ್ರಶ್ನೆಯೂ ಇದೆ. 1975ರಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಡಂಡಿಯಲ್ಲಿ ರೂಪಿಸಿದ ‘ಆಸ್ಕಿ’ ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಒಂದರ ನಂತರ ಒಂದರಂತೆ ಹಲವು ನಿಲ್ದಾಣಗಳಲ್ಲಿ ಕೌಶಲವನ್ನು ತೋರಿಸಬೇಕಾಗುತ್ತದೆ. ಸಿಮ್ಯುಲೇಶನ್ ಅನ್ನು ಹೀಗೆ ಅಂಕ ನೀಡಲೂ ಬಳಸಬಹುದು. ಆದರೆ ಕಲಿಕೆಯ ತರಗತಿಯೇ ಪರೀಕ್ಷೆಯಾದರೆ ವಿದ್ಯಾರ್ಥಿಗಳು ತಪ್ಪನ್ನು ಮುಚ್ಚಿಡಲು ಯತ್ನಿಸುತ್ತಾರೆ. ಎಲ್ಲರೆದುರು ಬೈಸಿಕೊಳ್ಳುವ ಭಯವಿರುವ ಕಡೆ ಮುಕ್ತ ಚರ್ಚೆ ಸಾಧ್ಯವಾಗುವುದಿಲ್ಲ. ಆದ್ದರಿಂದ ಕಲಿಕೆಗೆ ಮತ್ತು ಪರೀಕ್ಷೆಗೆ ಬಳಸುವ ಸನ್ನಿವೇಶಗಳನ್ನು ಪ್ರತ್ಯೇಕವಾಗಿಡುವುದು ಅಪೇಕ್ಷಣೀಯ.

ಸನ್ನಿವೇಶದಲ್ಲಿ ಮ್ಯಾನಿಕಿನ್ ‘ಸಾಯಬಹುದೇ’ ಎಂಬುದು ಮತ್ತೊಂದು ಚರ್ಚಾವಿಷಯ. ಅನಿರೀಕ್ಷಿತ ಸಾವು, ವಿಶೇಷವಾಗಿ ವಿದ್ಯಾರ್ಥಿಯ ತಪ್ಪಿನ ಫಲವೆಂಬಂತೆ ತೋರಿಸಿದ ಸಾವು, ಆತ್ಮವಿಶ್ವಾಸವನ್ನು ಕುಗ್ಗಿಸಬಹುದೆಂದು ಒಂದು ಪಕ್ಷ ವಾದಿಸುತ್ತದೆ. ಸಾವನ್ನು ಎದುರಿಸುವುದು ವೃತ್ತಿಯ ಭಾಗವಾದ್ದರಿಂದ ಅದನ್ನೂ ಸುರಕ್ಷಿತ ಪರಿಸರದಲ್ಲೇ ಕಲಿಯಬೇಕೆಂಬುದು ಇನ್ನೊಂದು ಪಕ್ಷದ ನಿಲುವು. ಅಂತ್ಯಕಾಲದ ಆರೈಕೆ, ಸಂಬಂಧಿಕರನ್ನು ಸಂತೈಸುವುದು ಮೊದಲಾದ ಉದ್ದೇಶಗಳಿಗಾಗಿ, ಮುನ್ಸೂಚನೆ ಮತ್ತು ಸಾಕಷ್ಟು ಚರ್ಚೆಯೊಂದಿಗೆ ಇಂತಹ ಸನ್ನಿವೇಶಗಳನ್ನು ನಡೆಸಲಾಗುತ್ತದೆ.

ಸಿಮ್ಯುಲೇಶನ್ ರೋಗಿಯ ಹಾಸಿಗೆಯ ಬಳಿಯ ಕಲಿಕೆಗೆ ಪೂರ್ಣ ಪರ್ಯಾಯವಲ್ಲ. ನೋವಿನಲ್ಲಿರುವ ವ್ಯಕ್ತಿಯ ಸ್ಪರ್ಶ, ದಿನಗಳೆದಂತೆ ಬೆಳೆಯುವ ನಂಬಿಕೆ, ಚೇತರಿಕೆಯ ನಿಧಾನಗತಿ ಇವನ್ನು 20 ನಿಮಿಷಗಳ ಸನ್ನಿವೇಶ ಕಟ್ಟಿಕೊಡಲಾರದು. ವಾರ್ಡಿನಲ್ಲಿ ಆಕಸ್ಮಿಕವಾಗಿ ಮಾತ್ರ ಸಿಗುವ, ಸಿಕ್ಕಾಗ ಕಲಿಯಲು ಬಿಡುವಿಲ್ಲದ ಅನುಭವಗಳನ್ನು ಎಲ್ಲ ವಿದ್ಯಾರ್ಥಿಗಳಿಗೂ ಸಮಾನವಾಗಿ ಒದಗಿಸುವುದರಲ್ಲಿ ಇದರ ಉಪಯುಕ್ತತೆ ಅಡಗಿದೆ.

ಇವನ್ನೂ ನೋಡಿ

• ಶುಶ್ರೂಷೆ
• ಫ್ಲಾರೆನ್ಸ್ ನೈಟಿಂಗೇಲ್
• ಹೃದಯ-ಶ್ವಾಸಕೋಶ ಪುನಶ್ಚೇತನ
• ಪ್ರಥಮ ಚಿಕಿತ್ಸೆ
• ಪ್ರಸೂತಿ ಶಾಸ್ತ್ರ